ಗರಸು ಎಲ್ಲಿಂದ ತರ್ತೀರಿ? ರಸ್ತೆ, ಸೇತುವೆಗೆ ಮುಂಚೆ ಹಳೆಯ ಕುರುಹು ಹುಡುಕುವ ಬಗೆ

ನಾನು ಮೂವತ್ತೆರಡು ವರ್ಷ ಭೂಮಾಪಕನಾಗಿ ದುಡಿದವನು. ಸರಪಳಿ, ಬಾಂದುಕಲ್ಲು, ಟಿಪ್ಪಣಿ, ಗ್ರಾಮ ನಕ್ಷೆ, ಇಷ್ಟೇ ನನ್ನ ಲೋಕವಾಗಿತ್ತು. ಬಾಗಲಕೋಟೆ ಜಿಲ್ಲೆಯ ಎಷ್ಟೋ ಹೊಲಗಳ ಮೂಲೆ ನನ್ನ ಕಾಲಿಗೆ ಗೊತ್ತು. ಮಗಳು ಧಾರವಾಡದಲ್ಲಿ ಪುರಾತತ್ವ ಓದಿದಳು. ರಜೆಗೆ ಬಂದಾಗ ಒಂದು ದಿನ ಊಟಕ್ಕೆ ಕೂತಲ್ಲೇ ಅಂದಳು: "ಅಪ್ಪಾ, ನೀ ಇಷ್ಟು ವರ್ಷ ನೆಲಾ ಅಳದಿ. ನೋಡಿಲ್ಲ ನೋಡು." ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅವಳ ಬೈಕಿನ ಹಿಂದೆ ಕೂತು ಐಹೊಳೆ ಕಡೆ ಹೋದೆ.

ನಿವೃತ್ತಿ ಆದಮೇಲೆ ರಸ್ತೆ, ಸೇತುವೆ ಕೆಲಸಕ್ಕೆ ಮುಂಚೆ ನಡೆಯುವ ಪುರಾತತ್ವ ಸರ್ವೆಗಳಿಗೆ ನಕ್ಷೆ ಓದುವವನಾಗಿ, ದಾರಿ ತೋರಿಸುವವನಾಗಿ ಹೋಗ್ತಾ ಇದ್ದೇನೆ. ಹೊಸದಾಗಿ ತಂಡ ಸೇರುವ ಕಾಲೇಜು ಹುಡುಗರು ಕೇಳಿದ್ದನ್ನೇ ಕೇಳುತ್ತಾರೆ. ಅವರಿಗಾಗಿ ಇದು. ಸೈಟಿನಲ್ಲಿರುವ ಯುವ ಎಂಜಿನಿಯರುಗಳು ಓದಿದರೆ ಇನ್ನೂ ಒಳ್ಳೆಯದು.

ಮೊದಲ ಪ್ರಶ್ನೆ ಗರಸಿನದು

ಗರಸು ಅಂದರೆ ರಸ್ತೆ ಏರಿಸಲು ಹಾಕುವ ಕಲ್ಲುಮಿಶ್ರಿತ ಮಣ್ಣು. ರಸ್ತೆಯ ನಕ್ಷೆ ಕೈಗೆ ಬಂದ ಕೂಡಲೇ ಎಲ್ಲರೂ ಆ ಗೆರೆಯ ಮೇಲೆ ಬೆರಳಿಡುತ್ತಾರೆ. ಗೆರೆಯ ಎಡಕ್ಕೆ ಮೂವತ್ತು ಮೀಟರ್, ಬಲಕ್ಕೆ ಮೂವತ್ತು ಮೀಟರ್, ಮುಗೀತು. ನಾನೂ ಹಾಗೇ ಮಾಡಿದ್ದೆ.

ಒಂದು ಊರು. ಹೆಸರು ಬೇಡ. ರಸ್ತೆ ಅಗಲ ಮಾಡುವ ಕೆಲಸ. ನಾವು ನಾಲ್ಕು ಜನ ಆರು ದಿನ ನಡೆದೆವು. ಗೆರೆಯ ಮೇಲೆ ಏನೂ ಸಿಗಲಿಲ್ಲ. "ಇಲ್ಲಿ ಏನೂ ಇಲ್ಲ" ಅಂತ ಬರೆದು ಸಹಿ ಹಾಕಿದೆವು. ಎರಡು ತಿಂಗಳು ಬಿಟ್ಟು ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗ್ತಾ ಇದ್ದೆ. ಹೊಸದಾಗಿ ಏರಿಸಿದ ರಸ್ತೆಯ ಬದಿ ಇಳಿಜಾರಿನಲ್ಲಿ ಬೂದಿ ಬಣ್ಣದ ಮಣ್ಣು. ಅದರ ತುಂಬಾ ಬೋಕಿ, ಅಂದರೆ ಒಡೆದ ಮಡಕೆಯ ಚೂರು. ಬಸ್ಸು ನಿಲ್ಲಿಸಿ ಇಳಿದೆ. ಕಪ್ಪು-ಕೆಂಪು ಬೋಕಿ, ಎಲುಬು, ಕಬ್ಬಿಣದ ಕಿಟ್ಟ. ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದ್ದ ಒಂದು ದಿಬ್ಬವನ್ನು ಅಗೆದು ಟಿಪ್ಪರಿನಲ್ಲಿ ತಂದು ಸುರಿದಿದ್ದರು. ದಿಬ್ಬ ಇದ್ದ ಜಾಗದಲ್ಲಿ ನೀರು ನಿಂತ ಹೊಂಡ ಇತ್ತು, ಎಮ್ಮೆ ಬಿದ್ದುಕೊಂಡಿದ್ದವು. ನಮ್ಮ ವರದಿ ಪ್ರಕಾರ ಯಾವ ನಷ್ಟವೂ ಆಗಿರಲಿಲ್ಲ. ಗುತ್ತಿಗೆದಾರರನ್ನು ಬೈದು ಏನು ಪ್ರಯೋಜನ? ಮಣ್ಣು ಎಲ್ಲಿಂದ ಅಂತ ನಾವು ಕೇಳಿರಲಿಲ್ಲ.

ಹಾಗಾಗಿ ಈಗ ಮೊದಲ ದಿನವೇ ಎಂಜಿನಿಯರ್ ಹತ್ತಿರ ನಾನು ಕೇಳುವುದು ಇದು: ಗರಸು ಎಲ್ಲಿಂದ ತರ್ತೀರಿ? ಮಣ್ಣು ಯಾವ ಸರ್ವೆ ನಂಬರಿನಿಂದ? ಜಲ್ಲಿ ಕ್ರಷರ್ ಎಲ್ಲಿ? ಡಾಂಬರು ಪ್ಲಾಂಟು, ಕೂಲಿಯವರ ಶೆಡ್ಡು ಎಲ್ಲಿ ಹಾಕ್ತೀರಿ? ಸೇತುವೆ ಕಟ್ಟುವಾಗ ವಾಹನ ತಿರುಗಿಸುವ ಕಚ್ಚಾ ರಸ್ತೆ ಯಾವ ಕಡೆ? ಈ ಎಲ್ಲ ಜಾಗಗಳನ್ನೂ ಗೆರೆಯಷ್ಟೇ ಗಮನವಿಟ್ಟು ನಡೆಯಬೇಕು. "ಇನ್ನೂ ನಿರ್ಧಾರ ಆಗಿಲ್ಲ ಸರ್" ಅಂತಾರೆ. ಆಗ ವರದಿಯಲ್ಲಿ ಒಂದು ಸಾಲು ಸೇರಿಸಿ: ಮಣ್ಣು ತೆಗೆಯುವ ಜಾಗ ಗೊತ್ತಾದ ಮೇಲೆ, ಅಗೆಯುವ ಮುಂಚೆ, ಮತ್ತೆ ಸರ್ವೆ ಆಗಬೇಕು. ನಮ್ಮ ಕಡೆ ಹಾಳೂರಿನ ದಿಬ್ಬಗಳು ಅಪಾಯದಲ್ಲಿರುವುದಕ್ಕೆ ಕಾರಣವಿದೆ. ಅವು ಎತ್ತರದಲ್ಲಿರುತ್ತವೆ, ಮಣ್ಣು ಸಡಿಲ, ಹೊಲದ ಮಾಲೀಕನಿಗೂ ದಿಬ್ಬ ಸಪಾಟಾದರೆ ಬೇಕಾಗಿರುತ್ತದೆ. ಜೆಸಿಬಿ ಬಂದರೆ ಖುಷಿಯಿಂದಲೇ ಹೂಂ ಅಂತಾನೆ.

ಹೊಲಕ್ಕೆ ಹೋಗುವ ಮುಂಚೆ

ಒಂದು ವಾರ ಕಾಗದದ ಮುಂದೆ ಕೂರಬೇಕು. ಹುಡುಗರಿಗೆ ಇದು ಬೇಜಾರು. ನನಗೆ ಇದೇ ಹಬ್ಬ.

ಗ್ರಾಮ ನಕ್ಷೆಯಿಂದ ಶುರು ಮಾಡಿ. ಅದರಲ್ಲಿ ಹಳೆಯ ಗಾವಠಾಣ (ಊರಿನ ಮನೆಗಳಿದ್ದ ಜಾಗ), ಹಾಳಾದ ಬಾವಿ, ಕಾಲುದಾರಿ, ಗುಡಿ ಎಲ್ಲ ಇರುತ್ತವೆ. ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಗ್ರಾಮ ಅಂತ ಬರೆದಿದ್ದರೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ. ಬೇಚಿರಾಕ್ ಅಂದರೆ ದೀಪ ಇಲ್ಲದ ಊರು. ಜನ ಬಿಟ್ಟುಹೋದದ್ದು. ಹೆಸರು ಉಳಿದಿದೆ, ಸರ್ವೆ ನಂಬರು ಉಳಿದಿದೆ, ಮನೆಗಳು ಮಣ್ಣಾಗಿವೆ. ಪ್ಲೇಗು, ಬರ, ಕಾಳಗ, ನದಿ ಪ್ರವಾಹ, ಹೀಗೆ ಒಂದೊಂದಕ್ಕೆ ಒಂದೊಂದು ಕಥೆ ಹೇಳುತ್ತಾರೆ. ನಾನು ಸೇವೆಯಲ್ಲಿದ್ದಾಗ ಇಂಥ ಹೆಸರುಗಳನ್ನು ಸಾವಿರ ಸಲ ಬರೆದಿದ್ದೇನೆ, ಒಂದು ಸಲವೂ ಯಾಕೆ ಅಂತ ಯೋಚಿಸಿರಲಿಲ್ಲ.

ಆಮೇಲೆ ಸರ್ವೆ ಆಫ್ ಇಂಡಿಯಾದ ಟೋಪೋ ಶೀಟು. 1:50,000 ಅಳತೆಯದು ಸಾಕು. ಹಳೆಯ ಶೀಟಿನ ಅಕ್ಷಾಂಶ ರೇಖಾಂಶವನ್ನು ನೇರವಾಗಿ ಮೊಬೈಲಿಗೆ ಹಾಕಬೇಡಿ. ಲೆಕ್ಕದ ಆಧಾರ ಬೇರೆ ಇರುವುದರಿಂದ ಜಾಗ ಸರಿಯುತ್ತದೆ. ಗುಡಿ, ಹಳ್ಳದ ತಿರುವು ಇಂಥ ಗುರುತು ಹಿಡಿದು ಹೊಂದಿಸಿಕೊಳ್ಳಿ. ದಿಶಾಂಕ್ ಆಪ್ ಮೊಬೈಲಿನಲ್ಲಿ ಇರಲಿ, ನೀವು ನಿಂತ ಸರ್ವೆ ನಂಬರು ಯಾವುದು ಅಂತ ತೋರಿಸುತ್ತದೆ. ಭುವನ್ ಮತ್ತು ಗೂಗಲ್ ಅರ್ಥ್‌ನಲ್ಲಿ ಬೇರೆ ಬೇರೆ ವರ್ಷದ ಚಿತ್ರ ನೋಡಿ. ಎರಿ (ಕಪ್ಪು ಮಣ್ಣಿನ) ಹೊಲದ ನಡುವೆ ಬಿಳುಪಾದ, ಬೂದಿ ಬಣ್ಣದ ಮಚ್ಚೆ ಕಂಡರೆ ಗುರುತು ಹಾಕಿ. ಹಳೆಯ ಊರಿನ ಮಣ್ಣು ಬಹಳ ಸಲ ಹಾಗೇ ಕಾಣುತ್ತದೆ.

ಹಿಂದಿನವರು ನೋಡಿದ್ದನ್ನೂ ತೆಗೆದು ಓದಬೇಕು. ನಮ್ಮ ಭಾಗ ಇದರಲ್ಲಿ ಪುಣ್ಯ ಮಾಡಿದೆ. ಜೇಮ್ಸ್ ಬರ್ಜೆಸ್ ಪಶ್ಚಿಮ ಭಾರತದ ಪುರಾತತ್ವ ಸರ್ವೆಯ ಮೊದಲ ವರ್ಷದ ಕೆಲಸ ಮಾಡಿದ್ದೇ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ, 1874ರ ಜನವರಿಯಿಂದ ಮೇ ತನಕ. ಕಲಾದಗಿ ಆಗ ಜಿಲ್ಲಾ ಕೇಂದ್ರ. ಈಗ ಅಲ್ಲಿ ಇಳಿದರೆ ದಾಳಿಂಬೆ ಹಣ್ಣಿನ ಮಾತು ಬಿಟ್ಟು ಬೇರೆ ಇಲ್ಲ! ಬಾಂಬೆ ಕರ್ನಾಟಕದ ಶಾಸನ ಸಂಪುಟಗಳಲ್ಲಿ ಊರಿನ ಹೆಸರು ಹಿಡಿದು ಹುಡುಕಿದರೆ ಯಾವ ಗುಡಿಯ ಮುಂದೆ ಯಾವ ಕಲ್ಲು ಇತ್ತು ಅಂತ ಸಿಗುತ್ತದೆ. ಈಗ ಅದು ಅಲ್ಲೇ ಇದೆಯಾ ಅನ್ನುವುದು ನೀವು ಹೋಗಿ ನೋಡಬೇಕಾದ್ದು.

ಕಾನೂನು, ಚುಟುಕಾಗಿ

ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ಟೇಪ್ ಹಿಡಿದು ಅಳೆಯಿರಿ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲು ಅನುಮತಿ ಬೇಕು. ದೊಡ್ಡ ಸರ್ಕಾರಿ ಯೋಜನೆಗಳ ಪರಿಣಾಮ ನೋಡಿ ಶಿಫಾರಸು ಮಾಡುವುದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಕೆಲಸ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಗುಡಿಯ ಗೋಡೆಯಿಂದ ಅಳೆಯುತ್ತಾರೆ. ಅಳೆಯಬೇಕಾದ್ದು ಸಂರಕ್ಷಿತ ಪ್ರದೇಶದ ಗಡಿಯಿಂದ. ಐಹೊಳೆಯಂಥ ಕಡೆ, ನೂರಕ್ಕೂ ಹೆಚ್ಚು ಗುಡಿಗಳಿರುವಲ್ಲಿ, ಈ ವೃತ್ತಗಳು ಒಂದರ ಮೇಲೊಂದು ಬಿದ್ದು ನಕ್ಷೆಯೇ ತುಂಬಿಹೋಗುತ್ತದೆ.

ರಾಜ್ಯದ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಎರಡೂ ಪಟ್ಟಿ ನೋಡಿ. ಆದರೆ ಪಟ್ಟಿಯಲ್ಲಿ ಇಲ್ಲದ್ದೇ ಜಾಸ್ತಿ. ನಾವು ನಡೆಯುವುದು ಮುಖ್ಯವಾಗಿ ಅದಕ್ಕಾಗಿ.

ಇನ್ನೊಂದು ಮಾತು. ನೋಡುವುದು, ಬರೆಯುವುದು, ಫೋಟೋ ತೆಗೆಯುವುದು, ಇಷ್ಟು ನಮ್ಮ ಕೆಲಸ. ಅಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಸುಮ್ನೆ ಕುತೂಹಲಕ್ಕೆ ಕುರ್ಚಿಗಿ ತಗೊಂಡು ಕೆದಕಬೇಡಿ. ನಾಣ್ಯ, ಒಡವೆ ಥರ ಏನಾದರೂ ಸಿಕ್ಕರೆ ಅದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಜೇಬಿಗೆ ಹಾಕಿಕೊಂಡರೆ ನಿಮ್ಮ ಮೇಲೆ ಕೇಸು. ಅದಕ್ಕಿಂತ ಹೆಚ್ಚಾಗಿ, ಊರವರ ನಂಬಿಕೆ ಒಂದೇ ದಿನಕ್ಕೆ ಹೋಗುತ್ತದೆ.

ಕಟ್ಟೆಯ ಮೇಲೆ ಒಂದು ಸಂಜೆ

ಊರಿಗೆ ಹೋದ ಮೊದಲ ಸಂಜೆ ಯಂತ್ರ ತೆಗೆಯಬೇಡಿ. ಅಗಸಿ ಹತ್ತಿರದ ಕಟ್ಟೆಗೆ ಹೋಗಿ ಕೂತುಕೊಳ್ಳಿ. ಚಹಾ ಕುಡಿಯಿರಿ. ಜಿಪಿಎಸ್ ಹಿಡಿದು ಬಂದವರನ್ನು ಕಂಡರೆ ಜನಕ್ಕೆ ಮೊದಲು ಹೊಳೆಯುವುದು ಭೂಸ್ವಾಧೀನ. "ಹೊಲಾ ಹೋಕ್ಕೈತೇನ್ರಿ ಸಾಹೇಬ್ರ?" ಅಂತ ಕೇಳುತ್ತಾರೆ. ಎರಡನೇ ಅನುಮಾನ ನಿಧಿಗಳ್ಳರು ಅಂತ. ನಮ್ಮ ಭಾಗದಲ್ಲಿ ನಿಧಿ ಆಸೆಗೆ ಗುಡಿಯ ಲಿಂಗ ಕಿತ್ತು ಹಾಕಿದ್ದನ್ನು ಜನ ಕಂಡಿದ್ದಾರೆ, ಅವರ ಅನುಮಾನ ತಪ್ಪಲ್ಲ. ಪತ್ರ ತೋರಿಸಿ, ಪಂಚಾಯ್ತಿಯಲ್ಲಿ ಹೇಳಿ, ವಾಲೀಕಾರನನ್ನೋ (ಊರ ಕಾವಲುಗಾರ) ಊರಿನ ಒಬ್ಬ ಹಿರಿಯನನ್ನೋ ಜೊತೆಗೆ ಕರೆದುಕೊಳ್ಳಿ.

ಏನು ಕೇಳಬೇಕು ಅನ್ನುವುದರಲ್ಲೇ ಎಲ್ಲ ಇದೆ. "ಇಲ್ಲಿ ಪುರಾತತ್ವ ನೆಲೆ ಇದೆಯಾ?" ಅಂದರೆ "ಇಲ್ರಿ" ಅಂತಾರೆ. ಬೇರೆ ಥರ ಕೇಳಿ. ಹಾಳೂರು ಎಲ್ಲಿ? ನಿಮ್ಮ ಊರು ಮೊದಲು ಎಲ್ಲಿತ್ತು? ಹೊಲದಲ್ಲಿ ಒಂಟಿ ಹಣಮಪ್ಪನ ಗುಡಿ ಇದೆಯಾ? ಊರು ಹೋದರೂ ಹಣಮಪ್ಪ ಹೋಗುವುದಿಲ್ಲ. ಸುತ್ತ ಮನೆ ಇಲ್ಲದ ಕಡೆ ಒಂಟಿ ಹಣಮಪ್ಪ ನಿಂತಿದ್ದರೆ ಆ ಸುತ್ತ ಕಣ್ಣಿಟ್ಟು ನಡೆಯಿರಿ. ರಂಟಿ (ನೇಗಿಲು) ಹೊಡೆಯುವಾಗ ಬೋಕಿ ಜಾಸ್ತಿ ಸಿಗುವ ಹೊಲ ಯಾವುದು? ಬೂದಿಯಂಥ ಮಣ್ಣು ಎಲ್ಲಿದೆ? ರಂಟಿ ತಾಗಿ ಹಗೇವು (ನೆಲದೊಳಗಿನ ಕಾಳಿನ ಕಣಜ) ಕುಸಿದದ್ದು ಉಂಟಾ? ಮೋರೇರ ಮನೆ, ಪಾಂಡವರ ಮನೆ ಅನ್ನುವ ಚಪ್ಪಡಿ ಕಲ್ಲು ಉಂಟಾ? ಬೃಹತ್ ಶಿಲಾ ಸಮಾಧಿಗಳಿಗೆ ನಮ್ಮ ಜನ ಇಟ್ಟ ಹೆಸರು ಇವು. ಐಹೊಳೆಯ ಮೇಗುತಿ ಗುಡ್ಡದ ಮೇಲೆ, ಬೆಳಗಾವಿ ಜಿಲ್ಲೆಯ ಕೊಣ್ಣೂರಿನಲ್ಲಿ ಅಂಥವು ಇವೆ.

ಹೆಂಗಸರನ್ನು ಬೇರೆಯಾಗಿ ಕೇಳಬೇಕು. ನಮ್ಮ ತಂಡದ ಹುಡುಗಿಯೊಬ್ಬಳು ಕಳೆ ಕೀಳುತ್ತಿದ್ದವರ ಜೊತೆ ಕೂತು ರೊಟ್ಟಿ ತಿಂದಳು. ಗಂಡಸರು ಮೂರು ದಿನ ಹೇಳದ್ದನ್ನು ಒಬ್ಬ ಅಜ್ಜಿ ಹೇಳಿದಳು: "ಹಳ್ಳದಾಗ ಅರಿಬಿ ಒಗಿಯೂ ಕಲ್ಲ ಐತಲ್ಲವ್ವಾ, ಅದರ ಹೊಟ್ಟಿ ಮ್ಯಾಗ ಅಕ್ಷರ ಅದಾವು." ಹೋಗಿ ನೋಡಿದರೆ ನಿಜ. ಮಗುಚಿ ಹಾಕಿದ ಶಾಸನದ ಕಲ್ಲು. ಬದಿಯಿಂದ ಬಗ್ಗಿ ನೋಡಿದಾಗ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಕಂಡವು. ಹೊಸ ಸೇತುವೆಯ ಕಂಬ ಅಲ್ಲಿಂದ ಹನ್ನೆರಡು ಮೀಟರ್ ಆಚೆ ಬರುವುದಿತ್ತು.

ಅಂದ ಹಾಗೆ, ಹಳೆಯ ಸಣ್ಣ ಸೇತುವೆಗಳ ಅಡಿಯನ್ನೂ ನೋಡಿ. ಹಿಂದೆ ಚಪ್ಪಡಿ ಬೇಕಾದಾಗ ಹತ್ತಿರ ಬಿದ್ದಿದ್ದ ಕಲ್ಲನ್ನೇ ಹಾಕಿಬಿಡುತ್ತಿದ್ದರು. ವೀರಗಲ್ಲು ಮಲಗಿಸಿ ಮೇಲೆ ಚಕ್ಕಡಿ ಓಡಿಸಿದ್ದನ್ನು ಎರಡು ಕಡೆ ಕಂಡಿದ್ದೇನೆ. ಹಳೆಯದನ್ನು ಒಡೆಯುವ ದಿನ ಒಬ್ಬರು ಅಲ್ಲಿ ನಿಂತಿರಬೇಕು.

ನಡೆಯುವುದು

ಕಾಲ ಮುಖ್ಯ. ಹಿಂಗಾರಿ ಬಿಳಿಜೋಳ, ಕಡಲೆ ಕಿತ್ತ ಮೇಲೆ, ಫೆಬ್ರುವರಿ ಕೊನೆಯಿಂದ ಹೊಲ ಬರಿದಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟದ ಸಮಯ ಬೇರೆ. ರಂಟಿ ಹೊಡೆದು, ಕುಂಟಿ ಆಡಿಸಿ, ಮೇಲೊಂದು ಅಡ್ಡ ಮಳೆ ಬಿದ್ದ ಮರುದಿನ. ಮಣ್ಣು ತೊಳೆದು ಬೋಕಿ ಎದ್ದು ಕೂತಿರುತ್ತವೆ. ಎರಿ ಹೊಲ ಆದರೆ ಒಂದು ದಿನ ಬಿಡಿ, ಇಲ್ಲದಿದ್ದರೆ ಚಪ್ಪಲಿಗೆ ಎರಡು ಕಿಲೋ ಮಣ್ಣು ಅಂಟುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರ ಮೇಲೆ. ಬಿಸಿಲು ಓರೆಯಾಗಿದ್ದಾಗ ಸಣ್ಣ ಉಬ್ಬು ತಗ್ಗಿಗೂ ನೆರಳು ಬೀಳುತ್ತದೆ. ನೆತ್ತಿ ಬಿಸಿಲಲ್ಲಿ ಎಲ್ಲ ಸಪಾಟಾಗಿ ಕಾಣುತ್ತದೆ.

ಕಬ್ಬಿನ ಗದ್ದೆ ಇದ್ದರೆ ಏನೂ ಕಾಣುವುದಿಲ್ಲ. ಮುಧೋಳ, ಜಮಖಂಡಿ ಕಡೆ ಇದು ದೊಡ್ಡ ತೊಂದರೆ. ಆಗ "ನೋಡಲು ಆಗಲಿಲ್ಲ" ಅಂತಲೇ ಬರೆಯಿರಿ. "ಏನೂ ಇಲ್ಲ" ಅಂತ ಬರೆಯಬೇಡಿ. ಈ ಎರಡಕ್ಕೂ ಇರುವ ವ್ಯತ್ಯಾಸ ವರದಿ ಓದುವವನಿಗೆ ಗೊತ್ತಾಗಬೇಕು. ನಕ್ಷೆಯಲ್ಲೂ ಆ ಪಟ್ಟಿಗಳಿಗೆ ಬೇರೆ ಬಣ್ಣ ಹಾಕಿ. ಕಬ್ಬು ಕಡಿದ ಮೇಲೆ ಮತ್ತೆ ಬನ್ನಿ.

ನಾಲ್ಕು ಜನ, ಒಬ್ಬರಿಂದ ಒಬ್ಬರಿಗೆ ಹತ್ತು ಮೀಟರ್ ಅಂತರ. ಬದುವಿನ ಸಾಲಿಗೆ ಸಮವಾಗಿ ನಡೆಯಿರಿ. ಮಾತು ಬೇಡ, ಮೊಬೈಲ್ ಬೇಡ. ಒಂದು ಗಂಟೆಯಲ್ಲಿ ಒಂದು ಕಿಲೋಮೀಟರಿಗಿಂತ ಜಾಸ್ತಿ ಮುಗಿದಿದ್ದರೆ ಯಾರೋ ನೋಡದೆ ನಡೆದಿದ್ದಾರೆ ಅಂತ ನನ್ನ ಲೆಕ್ಕ. ಏನಾದರೂ ಕಂಡರೆ ನಿಂತು ಕೈ ಎತ್ತಬೇಕು, ಆಗ ಎಲ್ಲರೂ ನಿಲ್ಲಬೇಕು. ಹುಡುಗರು ಎತ್ತಿಕೊಂಡು ಓಡಿ ಬಂದು "ಸರ್ ನೋಡ್ರಿ" ಅಂತಾರೆ. ಎಲ್ಲಿ ಸಿಕ್ಕಿತು ಅಂದರೆ "ಅಲ್ಲೇ ಎಲ್ಲೋ". ಜಾಗ ಗೊತ್ತಿಲ್ಲದ ಬೋಕಿ ಮನೆಯ ಹಿತ್ತಲ ಬೋಕಿಗೆ ಸಮ. ಮೊದಲು ಧ್ವಜ ನೆಡಿ, ಜಿಪಿಎಸ್ ಬರೆಯಿರಿ, ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ.

ಎಲ್ಲ ಬೋಕಿಯೂ ಹಳೆಯ ಊರಿನ ಗುರುತು ಅಂತಲ್ಲ. ಇದು ಮಗಳು ಕಲಿಸಿದ ಪಾಠ. ನಮ್ಮ ಜನ ನೂರಾರು ವರ್ಷದಿಂದ ತಿಪ್ಪೆ ಗೊಬ್ಬರ ಹೊಲಕ್ಕೆ ಹಾಕುತ್ತಾ ಬಂದಿದ್ದಾರೆ. ಮನೆಯಲ್ಲಿ ಒಡೆದ ಗಡಿಗೆ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯಿಂದ ಹೊಲಕ್ಕೆ. ಹಾಗಾಗಿ ಅಲ್ಲೊಂದು ಇಲ್ಲೊಂದು, ಸಣ್ಣದು, ಅಂಚು ಸವೆದದ್ದು ಸಿಕ್ಕರೆ ಅದು ಗೊಬ್ಬರದ ಜೊತೆ ಬಂದದ್ದು ಇರಬಹುದು. ಒಂದು ಮೀಟರ್ ಚೌಕ ಹಾಕಿ ಎಣಿಸಿ. ಹತ್ತು ಹೆಜ್ಜೆಗೊಮ್ಮೆ ಎಣಿಸುತ್ತಾ ಹೋದರೆ ಎಲ್ಲಿ ಎರಡು ಇದ್ದದ್ದು ಹದಿನೈದು ಆಯಿತು, ಎಲ್ಲಿ ಚೂರು ದೊಡ್ಡದಾಯಿತು, ಅಂಚು ಚೂಪಾಯಿತು ಅಂತ ಗೊತ್ತಾಗುತ್ತದೆ. ಊರಿನ ಗಡಿ ಅಲ್ಲಿ.

ಬೋಕಿ ಓದಲು ಒಂದೆರಡು ತಿಂಗಳು ಬೇಕು. ಆದರೆ ಇಷ್ಟು ನೆನಪಿರಲಿ. ಬೂದು ಬಣ್ಣ, ದಪ್ಪ, ಕುಂಬಾರನ ತಿಗರಿಯ ಗೆರೆ ಇಲ್ಲದ್ದು, ಕೈಯಿಂದ ಮಾಡಿದ್ದಾದರೆ ಬಹಳ ಹಳೆಯದು, ನವಶಿಲಾಯುಗದ್ದು ಇರಬಹುದು. ಒಳಗೆ ಮತ್ತು ಬಾಯಿ ಅಂಚಿಗೆ ಕಪ್ಪು, ಹೊರಗೆ ಕೆಂಪು ಇದ್ದರೆ ಕಬ್ಬಿಣ ಯುಗದ, ಬೃಹತ್ ಶಿಲಾ ಸಮಾಧಿಗಳ ಕಾಲದ ಕಡೆಗೆ ಯೋಚಿಸಿ. ಕೆಂಗಂದು ಲೇಪದ ಮೇಲೆ ಬಿಳಿ ಗೆರೆ ಕಂಡರೆ ಶಾತವಾಹನರ ಕಾಲದ ಸುತ್ತಮುತ್ತ. ಬೆಳಗಾವಿಗೆ ಹೊಂದಿದ ವಡಗಾವಿ-ಮಾಧವಪುರದಲ್ಲಿ 1970ರ ದಶಕದಲ್ಲಿ ಎ. ಸುಂದರ ಅವರು ಅಗೆಸಿದಾಗ ಆ ಕಾಲದ ಪಟ್ಟಣವೇ ಹೊರಬಂತು. ಇನ್ನು ಇಟ್ಟಿಗೆ ಕೆಂಪಿನ, ಸಾಲು ಸಾಲು ಉಬ್ಬು ಇರುವ ಚೂರು ಸಿಕ್ಕಿ ಕುಣಿದಾಡಬೇಡಿ. ಅದು ಮಂಗಳೂರು ಹಂಚು. ನಾನು ಮೊದಲ ವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ. ಮಗಳು ನಕ್ಕದ್ದು ಇನ್ನೂ ಕೇಳಿಸುತ್ತದೆ.

ಎರಿ ಮಣ್ಣಿನ ಆಟ ಬೇರೆಯೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲಿನ ಸಣ್ಣ ವಸ್ತು ಬಿರುಕಿಗೆ ಬಿದ್ದು ಕೆಳಗೆ ಹೋಗುತ್ತದೆ. ಹಾಗಾಗಿ ಎರಿಯಲ್ಲಿ ಮೇಲೆ ಏನೂ ಕಾಣದಿದ್ದರೂ ಒಳಗೆ ಇರಬಹುದು. ಹಳ್ಳದ ಕೊರೆತ, ಬಾವಿ ತೋಡಿದ ಗುಂಡಿಯ ಗೋಡೆ, ಪೈಪ್‌ಲೈನ್ ಕಾಲುವೆ, ಎಲ್ಲಿ ಮಣ್ಣಿನ ಅಡ್ಡ ಸೀಳು ಕಾಣುತ್ತದೋ ಅಲ್ಲಿ ಇಳಿದು ನೋಡಿ. ನೆಲದೊಳಗೆ ನೋಡುವ ರೇಡಾರ್ ಯಂತ್ರ ತರೋಣ ಅಂತ ಒಬ್ಬರು ಹೇಳಿಯೇ ಹೇಳುತ್ತಾರೆ. ಜಿಗುಟು ಎರಿ ಮಣ್ಣು ಆ ಅಲೆಗಳನ್ನು ನುಂಗಿಬಿಡುತ್ತದೆ. ದುಡ್ಡು ದಂಡ.

ನದಿ ದಾಟುವ ಜಾಗ

ಸೇತುವೆ ಬರುವುದು ನದಿ ದಾಟಲು ಸುಲಭವಾದ ಕಡೆ. ನಮ್ಮ ಹಿರಿಯರೂ ಅಲ್ಲೇ ದಾಟಿದರು. ಅದಕ್ಕೇ ಸೇತುವೆಯ ಎರಡೂ ದಂಡೆ ನನಗೆ ರಸ್ತೆಗಿಂತ ಮುಖ್ಯ. ಕನಿಷ್ಠ ಅರ್ಧ ಕಿಲೋಮೀಟರ್ ಮೇಲಕ್ಕೆ, ಅರ್ಧ ಕಿಲೋಮೀಟರ್ ಕೆಳಕ್ಕೆ ನಡೆಯುತ್ತೇವೆ.

ವಿಜಯಪುರ-ಹುಬ್ಬಳ್ಳಿ ಹೆದ್ದಾರಿ ಅನಗವಾಡಿ ಹತ್ತಿರ ಘಟಪ್ರಭೆಯನ್ನು ದಾಟುತ್ತದೆ. ದಿನಕ್ಕೆ ಎಷ್ಟು ಸಾವಿರ ಗಾಡಿ ಹೋಗುತ್ತವೋ. ಆ ಅನಗವಾಡಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕ ಜಾಗ, ಪುಣೆಯ ಡೆಕ್ಕನ್ ಕಾಲೇಜಿನ ಆರ್.ಎಸ್. ಪಪ್ಪು ಅಲ್ಲಿ ಕೆಲಸ ಮಾಡಿದರು. ಬಾದಾಮಿ ತಾಲ್ಲೂಕಿನ ಖ್ಯಾಡ ಮಲಪ್ರಭೆಯ ದಂಡೆಯಲ್ಲಿದೆ. ಅಲ್ಲೂ ಅದೇ ಕಾಲದ ಆಯುಧಗಳು. ಅದಕ್ಕೂ ಮುಂಚೆ ರಾಬರ್ಟ್ ಬ್ರೂಸ್ ಫೂಟ್ ಈ ಎರಡೂ ಕಣಿವೆಗಳಲ್ಲಿ ಅಂಥ ಕಲ್ಲುಗಳನ್ನು ಗುರುತಿಸಿದ್ದರು. ಅವರು ಭೂವಿಜ್ಞಾನಿ, ಬಂದದ್ದು ಬಂಡೆ ನೋಡಲು.

ಈ ಕಲ್ಲುಗಳು ಇರುವುದು ದಂಡೆಯ ಗುಂಡುಕಲ್ಲು ಪದರದಲ್ಲಿ. ಎಂಜಿನಿಯರ್ ಕಣ್ಣಿಗೆ ಅದು ಒಳ್ಳೆ ಗ್ರಾವೆಲ್, ತೆಗೆದು ರಸ್ತೆಗೆ ಹಾಕಬಹುದು. ನಮ್ಮ ಕಣ್ಣಿಗೆ ಅದು ಲಕ್ಷಾಂತರ ವರ್ಷದ ಹಿಂದಿನ ಮನುಷ್ಯರ ಕೈಕೆಲಸ. ಬಾದಾಮಿ ಬೀಜದ ಆಕಾರ, ಅಂಗೈಯಷ್ಟು ದೊಡ್ಡದು, ಎರಡೂ ಮುಖದಲ್ಲಿ ಚಕ್ಕೆ ಎಬ್ಬಿಸಿದ ಗುಳಿ, ಸುತ್ತ ಅಂಚು. ಅದು ಕೈಗೊಡಲಿ. ಜೆಸಿಬಿ ಹಲ್ಲಿಗೆ ಒಡೆದ ಕಲ್ಲಿಗೂ ಅಂಚು ಇರುತ್ತದೆ. ಒಡೆದ ಭಾಗದ ಬಣ್ಣ ನೋಡಿ. ಹೊಸ ಒಡಕು ತಿಳಿ ಬಣ್ಣ, ಹಳೆಯದಕ್ಕೆ ಕಲ್ಲಿನ ಉಳಿದ ಮೈಯಂತೆ ಮುಪ್ಪು ಬಂದಿರುತ್ತದೆ.

ಖರ್ಚಿಲ್ಲದ ಒಂದು ಉಪಾಯ ಹೇಳುತ್ತೇನೆ. ಸೇತುವೆಯ ಕಂಬಕ್ಕೆ ಮುಂಚೆ ಮಣ್ಣು ಪರೀಕ್ಷೆಗೆ ಹೇಗೂ ಬೋರ್ ಹೊಡೆಯುತ್ತಾರೆ, ಗುಂಡಿ ತೆಗೆಯುತ್ತಾರೆ. ಆ ದಿನ ಯಾವುದು ಅಂತ ಕೇಳಿಕೊಂಡು ಅಲ್ಲಿರಿ. ಯಾವ ಆಳದಲ್ಲಿ ಯಾವ ಪದರ ಅನ್ನುವ ಅವರ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ಬೂದಿ ಪದರ, ಬೋಕಿ, ಸುಟ್ಟ ಮಣ್ಣು ಬಂದಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ನೀವು ಒಂದು ಗುದ್ದಲಿ ಏಟೂ ಹಾಕಿರುವುದಿಲ್ಲ. ಹೆಚ್ಚಿನ ಕಡೆ ಎಂಜಿನಿಯರುಗಳು ಖುಷಿಯಿಂದ ಕೊಡುತ್ತಾರೆ. ಯಾರೂ ಕೇಳಿರುವುದಿಲ್ಲ ಅಷ್ಟೇ.

ನೆರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಸೇತುವೆಗೆ ಎತ್ತರದ ಏರಿ ಹಾಕಿದರೆ ನೀರು ಹಿಂದೆ ನಿಂತು ಬೇರೆ ಕಡೆ ತಿರುಗಬಹುದು. ಸೇತುವೆ ಗುಡಿಯಿಂದ ದೂರ ಇದೆ ಅಂದರೆ ಸಾಲದು, ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಬೇಕು.

ಬರೆದು ಕೊಡುವುದು

ನಮ್ಮ ವರದಿಗಳು ಯಾಕೆ ಕಪಾಟಿನಲ್ಲಿ ಮಲಗುತ್ತವೆ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಒಮ್ಮೆ ಒಬ್ಬ ಯುವ ಎಂಜಿನಿಯರ್ ನೇರವಾಗಿ ಹೇಳಿದ: "ಸರ್, ಊರಿನ ಈಶಾನ್ಯಕ್ಕೆ, ಬೇವಿನ ಮರದ ಆಚೆ ಅಂತ ಬರೆದರೆ ನಾನು ಏನು ಮಾಡಲಿ? ನನಗೆ ಚೈನೇಜ್ ಬೇಕು." ಚೈನೇಜ್ ಅಂದರೆ ರಸ್ತೆಯ ಶುರುವಿನಿಂದ ಅಳೆದ ದೂರ. ಅವನು ಹೇಳಿದ್ದು ಸರಿ. ಈಗ ಪ್ರತಿ ಕುರುಹಿಗೂ ಹೀಗೆ ಬರೆಯುತ್ತೇವೆ: ಕಿಲೋಮೀಟರ್ 14+300, ಮಧ್ಯರೇಖೆಯಿಂದ ಎಡಕ್ಕೆ 62 ಮೀಟರ್. ಅದರ ಜೊತೆ ಸರ್ವೆ ನಂಬರು, ಹಿಸ್ಸಾ, ಜಿಪಿಎಸ್, ಊರವರು ಕರೆಯುವ ಹೆಸರು. ಆ ಹೆಸರನ್ನು ಬಿಡಬೇಡಿ. ಐಹೊಳೆಯ ಲಾಡ್ ಖಾನ್ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ಒಮ್ಮೆ ವಾಸವಾಗಿದ್ದವರಿಂದ. ನಾಳೆ ಯಾರಾದರೂ ಹುಡುಕಿಕೊಂಡು ಬಂದರೆ ಊರ ಹೆಸರೇ ದಾರಿ ತೋರಿಸುವುದು.

ಏನು ಮಾಡಬೇಕು ಅನ್ನುವುದನ್ನೂ ಎಂಜಿನಿಯರ್ ಭಾಷೆಯಲ್ಲೇ ಹೇಳಿ. ರಸ್ತೆಯ ಗೆರೆ ಇಷ್ಟು ಮೀಟರ್ ಸರಿಸಿದರೆ ದಿಬ್ಬ ಉಳಿಯುತ್ತದೆ. ಈ ಸರ್ವೆ ನಂಬರಿನಿಂದ ಮಣ್ಣು ಬೇಡ, ಪಕ್ಕದ ಮಸಾರಿ (ಕೆಂಪು ಮಣ್ಣಿನ) ಹೊಲದಿಂದ ತೆಗೆಯಿರಿ. ಸರಿಸಲು ಆಗದಿದ್ದರೆ ಪರವಾನಗಿ ಪಡೆದು ಮೊದಲು ಉತ್ಖನನ ಮಾಡಿಸಿ, ಅದಕ್ಕೆ ಇಷ್ಟು ತಿಂಗಳು ಬೇಕು. ಕೊನೆಯ ದಾರಿ ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ ಆಂಧ್ರದ ನಾಗಾರ್ಜುನಕೊಂಡ ನೋಡಿ. ಅಣೆಕಟ್ಟೆಯ ನೀರು ಬರುವ ಮುಂಚೆ 1954ರಿಂದ 1960ರ ತನಕ ಇಡೀ ಕಣಿವೆಯನ್ನು ಅಗೆದು ದಾಖಲಿಸಿದರು, ಕೆಲವು ಕಟ್ಟಡಗಳನ್ನು ಎತ್ತರಕ್ಕೆ ಸಾಗಿಸಿದರು.

ನಮ್ಮಲ್ಲೂ ಆಲಮಟ್ಟಿಯ ನೀರು ಬಂತು. ಮುಳುಗಡೆಯ ಪಟ್ಟಿ ಮಾಡಲು ನಾನೂ ಹೋಗಿದ್ದೆ, ಆಗ ಇದಿನ್ನೂ ಬಿಜಾಪುರ ಜಿಲ್ಲೆ. ಬಾಗಿಲು ಎಷ್ಟು, ಕಿಟಕಿ ಎಷ್ಟು, ಬೇವಿನ ಗಿಡ ಎಷ್ಟು, ಎಲ್ಲ ಎಣಿಸಿದೆ. ಒಂದು ಊರಿನ ಅಗಸಿಯ ಪಕ್ಕ ಮೂರು ವೀರಗಲ್ಲು ಇದ್ದವು. ಅವುಗಳ ಮೇಲೆ ಟೇಪ್ ಇಟ್ಟು, ಪಕ್ಕದ ಮನೆಯ ಗೋಡೆ ಅಳೆದೆ. ಕಲ್ಲು ಬರೆದುಕೊಳ್ಳಲಿಲ್ಲ. ಅವು ಎಲ್ಲಿ ಹೋದವು ಅಂತ ಈಗ ಕೇಳಿದರೆ ಹೇಳುವವರು ಆ ಊರಿನಲ್ಲಿಲ್ಲ, ಊರೇ ಇಲ್ಲ.

ವರದಿಯ ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ ಕೊಡಿ, ಕನ್ನಡದಲ್ಲಿ, ನಾಲ್ಕು ಪುಟ ಸಾಕು. ನಕ್ಷೆ ದೊಡ್ಡದಾಗಿರಲಿ. ಇಂಗ್ಲಿಷಿನ ಇನ್ನೂರು ಪುಟವನ್ನು ಅಲ್ಲಿ ಯಾರೂ ತೆರೆಯುವುದಿಲ್ಲ.

ಮಣ್ಣು ಕೆಲಸ ಶುರುವಾದ ಮೇಲೆ

ಎಷ್ಟೇ ನಡೆದರೂ ನೆಲದೊಳಗಿನದು ಪೂರ್ತಿ ಗೊತ್ತಾಗುವುದಿಲ್ಲ. ಗುರುತು ಹಾಕಿದ ಕಡೆ ಮಣ್ಣು ತೆಗೆಯುವಾಗ ಒಬ್ಬರು ನಿಂತು ನೋಡಬೇಕು ಅಂತ ವರದಿಯಲ್ಲಿ ಬರೆಸಿ. ಆದರೆ ನಿಜವಾಗಿ ಮೊದಲು ನೋಡುವವನು ಜೆಸಿಬಿ ಡ್ರೈವರ್. ಕೆಲಸ ಶುರುವಾಗುವ ದಿನ ಎಲ್ಲ ಡ್ರೈವರುಗಳನ್ನು ಕೂರಿಸಿ ಅರ್ಧ ಗಂಟೆ ಮಾತಾಡಿ. ನಾನು ಒಂದು ಚೀಲದಲ್ಲಿ ಮೂರು ವಸ್ತು ಒಯ್ಯುತ್ತೇನೆ: ಒಂದು ಕಪ್ಪು-ಕೆಂಪು ಬೋಕಿ, ಒಂದು ಕಿಟ್ಟದ ಗಡ್ಡೆ, ಪ್ಲಾಸ್ಟರಿನಲ್ಲಿ ಮಗಳು ಮಾಡಿಕೊಟ್ಟ ಒಂದು ಕೈಗೊಡಲಿ. ಎಲ್ಲರ ಕೈಗೂ ಕೊಡುತ್ತೇನೆ. ಇಂಥದ್ದು ಬಂದರೆ ಬಕೆಟ್ ಎತ್ತಿ ನಿಲ್ಲಿಸಿ, ನನಗೆ ಫೋನ್ ಮಾಡಿ ಅನ್ನುತ್ತೇನೆ. ಮೇಸ್ತ್ರಿಯ ಮುಂದೆಯೇ ಇನ್ನೊಂದನ್ನೂ ಹೇಳಿಸಬೇಕು. ನಿಲ್ಲಿಸಿದ ಹೊತ್ತಿನ ಬಾಡಿಗೆ ಕಟ್ ಆಗುವುದಿಲ್ಲ ಅಂತ. ಅದು ಹೇಳದಿದ್ದರೆ ಯಾರೂ ನಿಲ್ಲಿಸುವುದಿಲ್ಲ, ಅವರಿಗೂ ಹೊಟ್ಟೆ ಇದೆ ಅಲ್ವಾ?

ಹೋದ ತಿಂಗಳು ರಾತ್ರಿ ಎಂಟಕ್ಕೆ ಒಬ್ಬ ಡ್ರೈವರ್ ಫೋಟೋ ಕಳಿಸಿದ. ಎರಿ ಮಣ್ಣಿನಲ್ಲಿ ದುಂಡಗಿನ ಬಾಯಿ, ಒಳಗೆ ಕತ್ತಲು, ಗೋಡೆಗೆ ಕಲ್ಲು. "ಸರ, ಭಾವಿ ಐತೇನ್ರಿ ಇದು?" ಹಗೇವು ಇದ್ದಂತಿತ್ತು. ಅಜ್ಜನ ಕಾಲದ್ದೋ, ಅದಕ್ಕೂ ಹಿಂದಿನದೋ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಒಳಗೆ ಇಳಿಯಬೇಡ, ಹಳೆ ಹಗೇವಿನಲ್ಲಿ ಕೆಟ್ಟ ಗಾಳಿ ಇರ್ತದೆ ಅಂದೆ. ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ ಅಂದೆ. ಹಗ್ಗ ಇಲ್ಲ ಅಂದ. ಬೆಳಿಗ್ಗೆ ಹೋದಾಗ ಗೂಟಕ್ಕೆ ಅವನ ಟವೆಲ್ ಕಟ್ಟಿತ್ತು, ಜೆಸಿಬಿ ಇಪ್ಪತ್ತು ಅಡಿ ಹಿಂದೆ ನಿಂತಿತ್ತು.